ಗುಡ್ಡೆಗೆ ಹೊಸ್ತಿಲಿಲ್ಲ

ಮಳೆಗಾಲದಲ್ಲಿ ಗುಡ್ಡ ಹತ್ತುವವರಿಗೆ ತಲೆ ನೆಟ್ಟಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಬೈಂದೂರಿನಲ್ಲಿ ಚಪ್ಪಲಿ ಅಂಗಡಿ ಇಟ್ಟವನು. ಜೂನ್ ಬಂತೆಂದರೆ ಕೆಸರು ಕಾಲು ತಂದು ನನ್ನ ಸ್ಟೂಲಿನ ಮೇಲೆ ಇಡುವವರನ್ನು ನೋಡಿ ನೋಡಿ ನನಗೆ ನೀರೆಂದರೇ ಸಿಟ್ಟು. ಅಂಥ ನಾನು ಆ ಶನಿವಾರ ಅಂಗಡಿಗೆ ಬಾಗಿಲು ಹಾಕಿ, ಹೆಗಲ ಮೇಲೆ ಟೆಂಟು ಹೊತ್ತುಕೊಂಡು, ಸುರಿಯುವ ಮಳೆಯಲ್ಲಿ ಗಾಳಿಕಲ್ಲು ಗುಡ್ಡೆ ಹತ್ತುತ್ತಿದ್ದೆ. ಎಲ್ಲಾ ಸುಜನ್‌ನ ದೆಸೆಯಿಂದ.

ಸುಜನ್ ನನ್ನ ಹೈಸ್ಕೂಲಿನ ಗೆಳೆಯ. ಸಾಲಿಗ್ರಾಮದಲ್ಲಿ ಹೈವೇ ಬದಿಗೆ ಅವನದೊಂದು ಸಣ್ಣ ಹೋಟೆಲು. ಮೇ ತಿಂಗಳಲ್ಲಿ ಅವನ ಮದುವೆಯಾಯಿತು. ಆಷಾಢ, ನಮ್ಮ ಬಾಯಲ್ಲಿ ಆಸಾಡಿ, ಹುಟ್ಟುತ್ತಲೇ ಹೆಂಡತಿ ಅಕ್ಷಯಾ ತವರಿಗೆ ಹೋದಳು. ನಮ್ಮಲ್ಲಿ ಪದ್ಧತಿಯೇ ಹಾಗೆ. ಹೊಸ ಮದುಮಗಳು ಆ ತಿಂಗಳು ತಾಯಿಮನೆಯಲ್ಲೇ ಇರಬೇಕು. ಅತ್ತೆ, ಅಳಿಯ ಒಂದೇ ಹೊಸ್ತಿಲು ದಾಟಬಾರದೆಂದು ಗಂಡ ಆ ಮನೆಗೆ ಹೋಗುವಂತಿಲ್ಲ. ಅವಳು ಹೋದದ್ದೇ ಹೋದದ್ದು, ಸುಜನ್‌ನ ಸಾಂಬಾರಿಗೆ ಒಂದು ದಿನ ಉಪ್ಪಿಲ್ಲ, ಮರುದಿನ ಬರೀ ಉಪ್ಪು.

"ಮಿಥುನ, ಒಂದ್ ರಾತ್ರಿ ಗುಡ್ಡಿ ಮೇಲೆ ಇದ್ದ್ ಬಪ್ಪ ಮಾರಾಯಾ" ಎಂದು ಅವನು ಫೋನಿನಲ್ಲಿ ಕೇಳಿದಾಗ, ಪಾಪ, ಮನಸ್ಸು ಹಗುರ ಮಾಡಿಕೊಳ್ಳಲಿ ಎಂದು ಕೋಲೆಬಸವನ ಹಾಗೆ ತಲೆಯಾಡಿಸಿದೆ. ಉಪ್ಪುಂದದ ದೇವುವೂ ಹೊರಟ. ಮೀನಿನ ಲಾರಿ ಓಡಿಸುವ ಅವನಿಗೆ ಊಟ ಒಂದಿದ್ದರೆ ಯಾವ ಗುಡ್ಡವಾದರೂ ಆದೀತು. ಅಕ್ಕಿ, ಪಾತ್ರೆ, ಗ್ಯಾಸ್ ಒಲೆ, ಒಣ ಸಿಗಡಿ ಚಟ್ನಿ ಎಲ್ಲಾ ಅವನ ಚೀಲದಲ್ಲಿತ್ತು.

ಅರ್ಧ ದಾರಿಯಲ್ಲಿ ನನ್ನ ಕೊಡೆ ಮಗುಚಿ ಕಡ್ಡಿಗಳೆಲ್ಲ ಆಕಾಶ ನೋಡಿದವು. ಕಾಲಿಗೆ ಉಂಬಳ ಹತ್ತಿ ರಕ್ತ ಹೀರುತ್ತಿದ್ದವು. ಅಲ್ಲೊಂದು ಗೇರುತೋಟದ ಶೆಡ್ಡಿತ್ತು, ಮೇಲೆ ಹೆಂಚೂ ಇತ್ತು.

"ಇಲ್ಲೇ ಉಳ್ಕಂಬ" ಎಂದೆ.

"ಇಲ್ಲಿ ಉಳೂಕಾಗ. ತುದಿಗೇ ಹೋಯ್ಕ್. ಕತ್ಲಾಪುದ್ರೊಳ್ಗೆ ಹೋಯ್ಕ್" ಎಂದ ಸುಜನ್.

"ತುದಿಯಂಗೆ ಎಂತ ನಿನ್ನ ಅಜ್ಜನ ನಿಧಿ ಇತ್ತಾ?"

ಅವನು ಮುಂದೆ ನಡೆದ. ದೇವು ನನ್ನ ಬೆನ್ನು ತಟ್ಟಿ, "ಹತ್ತ್ ಮಾರಾಯಾ, ಹಸಿವಾರೂ ಆತ್ತ್" ಎಂದ. ಬೈಯುತ್ತಾ ಹತ್ತಿದೆ.

ತುದಿಯಲ್ಲಿ ಬರೀ ಹುಲ್ಲು, ಬಂಡೆ, ಗಾಳಿ. ಟೆಂಟಿಗೆ ಒಂದು ಗೂಟ ಹೊಡೆದರೆ ಇನ್ನೊಂದು ಕಿತ್ತು ಬರುತ್ತಿತ್ತು. ಕೊನೆಗೆ ದೇವುವನ್ನು ಒಂದು ಮೂಲೆಯಲ್ಲಿ ಕೂರಿಸಿದೆವು. ಅಷ್ಟು ಭಾರದ ಗೂಟ ಬೇರೆ ಇರಲಿಲ್ಲ. ಅವನು ಕೂತಲ್ಲೇ ಟರ್ಪಾಲಿನ ಮರೆಯಲ್ಲಿ ಗಂಜಿಗೆ ಇಟ್ಟ. ಈ ಗಡಿಬಿಡಿಯಲ್ಲಿ ಸುಜನ್ ಕಾಣಲಿಲ್ಲ. ನೋಡಿದರೆ ಪೂರ್ವದ ಅಂಚಿನಲ್ಲಿ ಒಬ್ಬನೇ ನಿಂತು, ಎದುರಿನ ಮಂಜಿಗೆ ಟಾರ್ಚು ಹಾಕಿ ಆರಿಸಿ, ಹಾಕಿ ಆರಿಸಿ ಮಾಡುತ್ತಿದ್ದಾನೆ.

"ಹ್ವಾಯ್! ತಲಿ ಸಮ ಇತ್ತಾ ನಿಂಗೆ?" ಎಂದು ಕೂಗಿದೆ.

ಅವನು ತಿರುಗಿದ. ಮುಖದ ಮೇಲೆ ಇದ್ದದ್ದೆಲ್ಲ ಮಳೆನೀರಲ್ಲ.

"ಅಕ್ಷಯನ ಮನಿ ಈ ಗುಡ್ಡಿ ಬುಡ್ದಂಗೇ ಇಪ್ಪುದ್" ಎಂದ.

ಆಮೇಲೆ ಎಲ್ಲಾ ಹೊರಗೆ ಬಂತು. ಅವಳನ್ನು ಕರೆದೊಯ್ಯಲು ಅವಳ ಅಮ್ಮ ಬಂದಿದ್ದರಂತೆ. ಬಸ್ಸು ಹತ್ತಿಸುವಾಗ ಇವನು ಅಮ್ಮನ ಎದುರಿಗೇ, "ಹೋಗ್ ಹೋಗ್, ನಂಗೂ ಒಂದ್ ತಿಂಗ್ಳ್ ನೆಮ್ದಿ" ಎಂದುಬಿಟ್ಟ. ತಮಾಷೆಗೆ. ಅವಳ ಮುಖ ಸಣ್ಣದಾಯಿತು. ಆವತ್ತಿನಿಂದ ಫೋನು ಎತ್ತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದೂ ಹೇಳಿದ್ದಾರೆ ನಿಜ; ಆದರೆ ಸಿಟ್ಟಿನಲ್ಲೇ ಹೆಂಡತಿ ಬಸ್ಸು ಹತ್ತಿದರೆ ಒಟ್ಟಿಗೆ ಉಣ್ಣುವುದೆಲ್ಲಿ ಬಂತು?

"ಶನಿವಾರ ಕತ್ಲಾಪ ಹೊತ್ತಿಗೆ ಗುಡ್ಡಿ ತುದಿಯಂಗೆ ಟಾರ್ಚ್ ಹಾಕ್ತೆ, ಸಿಟ್ಟ್ ಹೋಯಿದ್ರೆ ನೀನೂ ಟೆರೇಸ್ ಮೇಲಿಂದ ಹಾಕ್ ಅಂದೇಳಿ ಮೆಸೇಜ್ ಮಾಡಿದ್ದೆ. ಓದಿದ್ಳ್. ಎಂತದೂ ಹೇಳ್ಲಿಲ್ಲ."

ಮಂಜು ಟಾರ್ಚಿನ ಬೆಳಕನ್ನು ನಾಲ್ಕು ಮಾರು ದೂರಕ್ಕೂ ಬಿಡುತ್ತಿರಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಬೈಯಬೇಕೆಂದೇ ಹೊರಟಿದ್ದೆ, ಆದರೆ ಆ ಹುಚ್ಚನ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ನನ್ನ ಮುರಿದ ಕೊಡೆಯನ್ನೇ ಅವನ ತಲೆಗೆ ಹಿಡಿದು ಪಕ್ಕದಲ್ಲಿ ಕೂತೆ. ಅವನ ಬೆರಳು ಮರಗಟ್ಟಿದಾಗ ನಾನು ಟಾರ್ಚು ತೆಗೆದುಕೊಂಡೆ. ಟೆಂಟು ಬಿದ್ದರೆ ಬೀಳಲಿ ಎಂದು ದೇವುವೂ ಗಂಜಿಯ ಪಾತ್ರೆ ಹಿಡಿದುಕೊಂಡು ಬಂದ. ಟೆಂಟು ಬಿದ್ದೂ ಬಿಟ್ಟಿತು.

ಬ್ಯಾಟರಿ ಮುಗಿಯುವವರೆಗೂ ಎದುರಿನಿಂದ ಒಂದು ಮಿಣುಕು ಬೆಳಕೂ ಬರಲಿಲ್ಲ.

"ಅವ್ಳ್ ಹಾಕ್ಲಿಲ್ಲ" ಎಂದ ಸುಜನ್.

"ಹಾಕಿರೂ ಕಾಣ್ತಿಲ್ಲೆ, ಹಾಕ್ದಿದ್ರೂ ಕಾಣ್ತಿಲ್ಲೆ" ಎಂದ ದೇವು. "ಮತ್ತೆ ಹಾಕ್ಲಿಲ್ಲ ಅಂದೇಳಿ ಎಂತಕೆ ಎಣ್ಸುದ್? ಗಂಜಿ ಉಣ್."

ಮಳೆನೀರು ಬೆರೆತ ಆ ಗಂಜಿ ಉಂಡು, ಒಂದೇ ಟರ್ಪಾಲಿನಡಿ ಮೂವರೂ ಅಂಟಿಕೊಂಡು ಮಲಗಿದೆವು.

ಬೆಳಿಗ್ಗೆ ಗಾಳಿ ತಗ್ಗಿತ್ತು, ಮಂಜು ಹಾಗೇ ಇತ್ತು. ಸುಜನ್ ಟೆಂಟು ಮಡಚುತ್ತಿದ್ದ. "ಕೆಳ್ಗೆ ಹೋಪ" ಎಂದಷ್ಟೇ ಅಂದ. ಆಗಲೇ ಪೂರ್ವದ ಇಳಿಜಾರಿನಿಂದ ಹೆಣ್ಣುಧ್ವನಿಯೊಂದು ಕೇಳಿತು.

"ಹ್ವಾಯ್!"

ಸುಜನ್ ಕೈಯಲ್ಲಿದ್ದ ಟೆಂಟನ್ನು ಕೆಸರಿಗೆ ಬಿಟ್ಟ.

"ಹ್ವಾಯ್! ಮೇಲೆ ಯಾರಾರೂ ಇದ್ರಿಯಾ?"

ಮಂಜಿನೊಳಗಿಂದ ಅಕ್ಷಯಾ ಬಂದಳು. ಅಪ್ಪನ ರೇನ್‌ಕೋಟು ಮೊಣಕಾಲಿನ ಕೆಳಗೆ ಇಳಿದಿತ್ತು, ಕೈಯಲ್ಲಿ ಟಾರ್ಚು, ಏದುಸಿರು. ಗಂಡನನ್ನು ಕಂಡದ್ದೇ ಬೈಗುಳ ಶುರು.

"ಬುದ್ಧಿ ಇತ್ತಾ ನಿಮ್ಗೆ? ಈ ಗಾಳಿಯಂಗೆ ಯಾರಾರೂ ಗುಡ್ಡಿ ಮೇಲೆ ಮನ್ಕಂತ್ರಾ? ನಿನ್ನೆ ಟೆರೇಸ್ ಮೇಲೆ ನಿಂತ್ಕಂಡ್ ಟಾರ್ಚ್ ಹಾಕಿದ್ದೇ ಹಾಕಿದ್ದ್. ನಿಮ್ದ್ ಒಂದ್ ಬೆಳ್ಕಿಲ್ಲೆ! ನೀವ್ ಬರ್ಲೇ ಇಲ್ಲ ಅಂದೇಳಿ ಎಣ್ಸ್ಕಂಡಿದ್ದೆ."

"ನೀನ್ ಹಾಕ್ಲಿಲ್ಲ ಅಂದೇಳಿ ನಾನೂ ಎಣ್ಸ್ಕಂಡಿದ್ದೆ" ಎಂದ ಸುಜನ್. ಆಮೇಲೆ ಕೇಳಿದ: "ನಾ ಬರ್ಲಿಲ್ಲ ಅಂದೇಳಿ ಎಣ್ಸಿರೆ ಮತ್ತೆ ಎಂತಕೆ ಹತ್ಕಂಡ್ ಬಂದದ್ದ್?"

"ಬಂದಿದ್ರೆ ಅಂದೇಳಿ" ಎಂದಳು ಅವಳು, ಮತ್ತು ಅತ್ತುಬಿಟ್ಟಳು.

ನಾನೂ ದೇವುವೂ ಮರ್ಯಾದೆಯಿಂದ ಬೇರೆ ಕಡೆ ತಿರುಗಿದೆವು. ತಿರುಗಿದಲ್ಲಿ ಅವಳ ಅಮ್ಮ ಚಂದ್ರಮತಿಯಮ್ಮ, ಸೊಂಟದ ಮೇಲೆ ಬುಟ್ಟಿ ಇಟ್ಟುಕೊಂಡು ನಿಧಾನಕ್ಕೆ ಹತ್ತಿ ಬರುತ್ತಿದ್ದರು. ಸುಜನ್ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದ.

"ಅತ್ತೆ, ಆಸಾಡಿ ಅಲ್ದಾ…"

"ಅತ್ತಿ ಅಳಿಯ ಒಂದೇ ಹೊಸ್ಲ್ ದಾಟೂಕಾಗ ಅಂಬ್ರ್" ಎಂದರು ಅವರು, ಬುಟ್ಟಿ ಇಳಿಸುತ್ತಾ. "ಗುಡ್ಡಿಗೆ ಎಲ್ಲಿತ್ತ್ ಹೊಸ್ಲ್? ಕೂಕಣಿ ಮಕ್ಳೆ, ಕಡ್ಬ್ ತಣಿತ್ತ್."

ಹಲಸಿನೆಲೆಯ ಕೊಟ್ಟೆಕಡುಬು, ಬಿಸಿ ಬಿಸಿ ಕೋಳಿಸಾರು. ದೇವು ಎಷ್ಟು ತಿಂದನೆಂದು ನಾನು ಹೇಳುವುದಿಲ್ಲ, ಅವನಿಗೆ ಇನ್ನೂ ಮದುವೆಯಾಗಬೇಕಿದೆ. ಗಂಡ ಹೆಂಡತಿ ಒಂದೇ ಎಲೆಯಿಂದ ಉಂಡರು. ಗಾದೆಯ ಅರ್ಧ ಪಾಲು ಹಾಗೆ ನೆರವೇರಿತು. ಉಳಿದರ್ಧಕ್ಕೆ ಆಸಾಡಿ ಮುಗಿಯಬೇಕು.

ಹೊರಡುವಾಗ ಸುಜನ್ ನಿಂತಲ್ಲಿಂದ ಕದಲಲಿಲ್ಲ. ಅಮ್ಮನ ಹಿಂದೆ ಇಳಿಯತೊಡಗಿದ ಅಕ್ಷಯಾ ತಿರುಗಿ ನೋಡಿದಳು. ಕಣ್ಣು ಇನ್ನೂ ಕೆಂಪಗಿತ್ತು, ಆದರೆ ತುಟಿಯ ತುದಿಯಲ್ಲಿ ನಗು.

"ಹೋಯ್ನಿ ಹೋಯ್ನಿ, ನಂಗೂ ಒಂದ್ ತಿಂಗ್ಳ್ ನೆಮ್ದಿ" ಎಂದಳು.

ಸುಜನ್ ಗುಡ್ಡ ಅದುರುವಂತೆ ನಕ್ಕ. ಅವಳು ಮಂಜಿನೊಳಗೆ ಇಳಿದು ಕಾಣದಾದಳು. ಇನ್ನೇನು ನಾವೂ ಹೊರಡಬೇಕು, ಅಷ್ಟರಲ್ಲಿ ಕೆಳಗೆ ಅಲ್ಲೇ ಹತ್ತಿರದಲ್ಲಿ, ಟಾರ್ಚು ಒಮ್ಮೆ ಹತ್ತಿ ಆರಿತು, ಮತ್ತೊಮ್ಮೆ ಹತ್ತಿತು. ಈ ಸಲ ಬೆಳಕು ಕಂಡಿತು.