ರೇಷನ್ ಅಕ್ಕಿಯೂ ಮನೀಷಾಳ ತೀರ್ಮಾನವೂ

ಕೊಹಿನೂರು ಗ್ರಾಮದ ತುಳಜಾಬಾಯಿಗೆ ರೇಷನ್ ಅಕ್ಕಿ ಕಂಡರೆ ಭಯ ಶುರುವಾಗಿತ್ತು. ತೊಳೆಯುವಾಗ ಕೆಲವು ಕಾಳು ಮೇಲೆ ತೇಲುತ್ತಿದ್ದವು, ಬಣ್ಣವೂ ಬೇರೆ. ಅದೇ ಹೊತ್ತಿಗೆ ಚಿಕ್ಕ ಮಗಳು ರೂಪಾಲಿಗೆ ಹೊಟ್ಟೆನೋವು ಹಿಡಿದಿತ್ತು.

“ಪ್ಲಾಸ್ಟಿಕ್ ಅಕ್ಕಿ ಅದ ಅಕ್ಕಾ! ಮೊಬೈಲ್‌ನ್ಯಾಗ ವಿಡಿಯೋ ಬಂದದ,” ಎಂದಳು ಪಕ್ಕದ ಮನೆಯ ಅನ್ವರಿ.

ತುಳಜಾಬಾಯಿ ಅಕ್ಕಿ ಚೀಲವನ್ನು ಮೂಲೆಗೆ ತಳ್ಳಿದಳು. ಮಕ್ಕಳಿಗೆ ಶಾಲೆಯ ಊಟವನ್ನೂ ಬಿಡಿಸಿದಳು.

ದೊಡ್ಡ ಮಗಳು ಮನೀಷಾ ಎಂಟನೇ ತರಗತಿ. ಕಂಡದ್ದರಿಂದ ಒಂದು ತೀರ್ಮಾನ ಬರೆದು ತನ್ನಿ ಎಂದಿದ್ದ ವಿಜ್ಞಾನದ ಮೇಡಂ ಸುಮೇರಾ ಅವರಿಗೆ ಅವಳು ಬರೆದು ಕೊಟ್ಟಳು: ‘ನಮ್ಮ ರೇಷನ್ ಅಕ್ಕಿ ಪ್ಲಾಸ್ಟಿಕ್. ಅದರಿಂದ ತಂಗಿಗೆ ಹೊಟ್ಟೆನೋವು.’

ಮೇಡಂ ಬೈಯಲಿಲ್ಲ, ನಗಲೂ ಇಲ್ಲ. “ಇದಕ್ಕ ಪುರಾವೆ ಏನದವ್ವಾ?” ಎಂದು ಕೇಳಿದರು. “ವಿಡಿಯೋದಾಗ ಬಂದದಂತ್ರಿ,” ಎಂದಳು ಮನೀಷಾ.

“ನಾಳೆ ಆ ಅಕ್ಕಿ ತಗೊಂಡು ಬಾ. ಅವ್ವನ್ನೂ ಕರ್ಕೊಂಡು ಬಾ.”

ಮರುದಿನ ತುಳಜಾಬಾಯಿ ಸೆರಗು ಬಿಗಿದುಕೊಂಡೇ ಬಂದಳು. “ಮೇಡಂ, ಕಣ್ಣಿಗೆ ಕಾಣಾಕತ್ತದಲ್ರಿ. ಮತ್ತೇನು ನೋಡೋದದ?”

“ತೇಲೋದು ಕಂಡೀರಿ ಅಕ್ಕಾ. ಪ್ಲಾಸ್ಟಿಕ್ ಅಂತ ಕಂಡಿಲ್ಲ. ಈಗ ನೋಡೋಣ ಬರ್ರಿ.”

ಮಕ್ಕಳು ತೇಲುವ ಕಾಳನ್ನು ಪುಡಿ ಮಾಡಿ ತಟ್ಟೆಗೆ ಹಾಕಿದರು. ಇನ್ನೊಂದು ತಟ್ಟೆಗೆ ಅಂಗಡಿ ಅಕ್ಕಿಯ ಪುಡಿ, ಮತ್ತೊಂದಕ್ಕೆ ಪ್ಲಾಸ್ಟಿಕ್ ಚೀಲದ ತುಣುಕು. ಎಲ್ಲಕ್ಕೂ ಅಯೋಡಿನ್ ಹನಿ ಬಿತ್ತು. ಎರಡೂ ಅಕ್ಕಿ ಕಪ್ಪುನೀಲಿಗೆ ತಿರುಗಿದವು. ಪ್ಲಾಸ್ಟಿಕ್ ಮೇಲಿನ ಹನಿ ಕಂದು ಬಣ್ಣದಲ್ಲೇ ಉಳಿಯಿತು.

ತುಳಜಾಬಾಯಿ ಬಗ್ಗಿ ನೋಡಿದಳು. “ಮತ್ತ ಯಾಕ ತೇಲ್ತಾವ್ರಿ?”

“ಅಕ್ಕಿ ಹಿಟ್ಟಿಗಿ ಕಬ್ಬಿಣದಂಶ, ವಿಟಮಿನ್ ಕಲಸಿ ಮಾಡಿದ ಕಾಳು ಅವು. ಮೈಯಾಗ ರಕ್ತ ಕಡಿಮಿ ಆಗಬಾರ್ದಂತ ಬೆರಸ್ತಾರ. ಅದಕ್ಕ ಸ್ವಲ್ಪ ಬ್ಯಾರೆ ಕಾಣ್ತಾವು, ಹಗುರ ಇರ್ತಾವಂತ ತೇಲ್ತಾವು.”

ಮನೀಷಾ ಹೊಸದಾಗಿ ಬರೆದಳು: ‘ತೇಲುವ ಕಾಳು ಅಂಗಡಿ ಅಕ್ಕಿಯ ಹಾಗೇ ಕಪ್ಪುನೀಲಿಯಾಯಿತು. ಪ್ಲಾಸ್ಟಿಕ್ ತುಣುಕು ಹಾಗೆ ಆಗಲಿಲ್ಲ. ಪಿಷ್ಟ ಇದ್ದರೆ ಅಯೋಡಿನ್ ಕಪ್ಪುನೀಲಿಯಾಗುತ್ತದೆ. ಆದ್ದರಿಂದ ನಾವು ನೋಡಿದ ಕಾಳು ಪ್ಲಾಸ್ಟಿಕ್ ಅಲ್ಲ. ತಂಗಿಗೆ ಹೊಟ್ಟೆನೋವು ಯಾಕೆ ಬಂತೆಂದು ಈ ಪರೀಕ್ಷೆಯಿಂದ ಗೊತ್ತಾಗುವುದಿಲ್ಲ.’

ಮೇಡಂ ಅದನ್ನು ಗಟ್ಟಿಯಾಗಿ ಓದಿ “ಶಾಭಾಷ್!” ಎಂದರು. ಕೊನೆಯ ಸಾಲು ಕೇಳಿ ತುಳಜಾಬಾಯಿಗೆ ತನ್ನ ತಪ್ಪು ಹೊಳೆಯಿತು. ಅಕ್ಕಿಯನ್ನು ಬೈಯುತ್ತ ಕುಳಿತು, ಮಗುವನ್ನು ಡಾಕ್ಟರಿಗೆ ತೋರಿಸಿಯೇ ಇರಲಿಲ್ಲ!

ಅಂದೇ ರೂಪಾಲಿಯನ್ನು ಬಸವಕಲ್ಯಾಣದ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಮಲ ಪರೀಕ್ಷೆ ಮಾಡಿಸಿದರು. “ಹೊಟ್ಟ್ಯಾಗ ಜಂತು ಆಗ್ಯಾವು. ಗುಳಿಗಿ ಕೊಡ್ತೀನಿ. ಗಾಬರಿ ಆಗಬ್ಯಾಡ್ರಿ,” ಎಂದರು.

ಕೆಲವೇ ದಿನಗಳಲ್ಲಿ ನೋವು ಹೋಯಿತು. ರೂಪಾಲಿ ಶಾಲೆಯಲ್ಲಿ ಎಲ್ಲರ ಜೊತೆ ಕುಳಿತು ಮತ್ತೆ ಅನ್ನ ಹಾಕಿಸಿಕೊಂಡಳು. ತುಳಜಾಬಾಯಿಯ ತಲೆಯ ಮೇಲಿಂದ ದೊಡ್ಡ ಭಾರ ಇಳಿದಂತಾಯಿತು.

“ಖರೇನೇ ಪ್ಲಾಸ್ಟಿಕ್ ಅಲ್ಲೇನಕ್ಕಾ?” ಅನ್ವರಿಗೆ ಇನ್ನೂ ಅನುಮಾನ.

“ನಾ ಹೇಳಿದ್ದು ನಂಬಬ್ಯಾಡ. ನಿಮ್ಮನಿ ಅಕ್ಕಿ ತಗೊಂಡು ಸಾಲಿಗಿ ಬಾ. ನೀನೇ ನೋಡಿ ಹೇಳು,” ಎಂದು ತುಳಜಾಬಾಯಿ ನಕ್ಕಳು.

ತಾಯಂದಿರೇ, ತಂದೆಯರೇ, ಶಿಕ್ಷಕ ಬಂಧುಗಳೇ, ವಿಜ್ಞಾನದ ತೀರ್ಮಾನವನ್ನು ಮಕ್ಕಳಿಂದ ಗೈಡ್ ನೋಡಿ ಬರೆಸಬೇಡಿ. ಕಂಡದ್ದೇನು, ಅದರಿಂದ ಏನು ಹೇಳಬಹುದು, ಏನು ಹೇಳಲಾಗದು ಎಂಬುದನ್ನು ಅವರ ಮಾತಿನಲ್ಲೇ ಬರೆಯಲಿ. ಇವತ್ತು ಸಂಜೆ ಮಗು ಶಾಲೆಯಿಂದ ಬಂದಾಗ, ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಕೇಳಿ: ‘ಇದು ನಿನಗೆ ಹೇಗೆ ಗೊತ್ತಾಯಿತು?’