ಬಶಾಲಿಯ ದ್ರಾಕ್ಷಿ

ಮುಖ ತೊಳೆಯಲು ಹೊಳೆಗೆ ಬಗ್ಗಿದ ಪಿಲಿನ್‌ನ ಬೆರಳಿಗೆ ದ್ರಾಕ್ಷಿ ಸಿಪ್ಪೆಯೊಂದು ಅಂಟಿಕೊಂಡಿತು. ಎತ್ತಿ ಮೂಸಿದ. ಹಳೆಯದಲ್ಲ, ಈಗಷ್ಟೇ ಯಾರೋ ಹೀರಿ ಉಗಿದದ್ದು. ಪ್ರೂನ್ ಹಬ್ಬದ ಕುಣಿತ ಶುರುವಾಗುವವರೆಗೆ ಬಿರಿರ್ ಕಣಿವೆಯಲ್ಲಿ ಯಾರೂ, ತನ್ನ ಸ್ವಂತ ಬಳ್ಳಿಯದ್ದೇ ಆದರೂ, ದ್ರಾಕ್ಷಿ ಕೀಳುವ ಹಾಗಿಲ್ಲ. ಕಿತ್ತವರು ಊರಿಗೆ ಒಂದು ಮೇಕೆ ದಂಡ ತೆರಬೇಕು. ಈ ಕಟ್ಟಳೆ ಕಾಯುವ ಕಾವಲುಗಾರನ ಕೋಲು ಈ ವರ್ಷ ಪಿಲಿನ್‌ನ ಕೈಯಲ್ಲಿತ್ತು.

ಕೋಲು ಅವನಿಗೆ ಸುಮ್ಮನೆ ಸಿಕ್ಕಿರಲಿಲ್ಲ. ಪಕ್ಕದ ಮನೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಹೊಗೆ ಎದ್ದರೂ ಯಾಕೆಂದು ಕೇಳಿ ಬರದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. "ಹೇಗೂ ಎಲ್ಲರ ಮನೆಗೂ ಮೂಗು ತೂರಿಸ್ತಾನೆ, ಊರಿನ ಕೆಲಸಕ್ಕಾದ್ರೂ ತೂರಿಸ್ಲಿ" ಎಂದು ಹಿಂದಿನ ಕಾವಲುಗಾರ ಶೇರ್ಬೆಕ್ ಮುದುಕ ನಗುತ್ತಲೇ ಕೋಲು ದಾಟಿಸಿದ್ದ.

ಸಿಪ್ಪೆ ಬಂದ ದಾರಿ ಹಿಡಿದು ಪಿಲಿನ್ ಹೊಳೆಯ ದಂಡೆಯಲ್ಲೇ ಮೇಲಕ್ಕೆ ನಡೆದ. ಗಿರಣಿಯ ಹತ್ತಿರ ಇನ್ನೊಂದು ಸಿಪ್ಪೆ, ಅಕ್ರೋಟಿನ ಮರದ ಬುಡದಲ್ಲಿ ಮತ್ತೊಂದು. ಬಶಾಲಿಯೆಂಬ ಹೆಂಗಸರ ಮನೆಯನ್ನು ದಾಟಿದ ಮೇಲೆ ನೀರು ಸ್ವಚ್ಛವಾಗಿತ್ತು. ಅವನು ಹಿಂದೆ ಬಂದು ಎದುರು ದಂಡೆಯ ಆ ಗಿಡ್ಡ ಕಲ್ಲಿನ ಮನೆಯನ್ನೇ ನೋಡುತ್ತ ನಿಂತುಬಿಟ್ಟ.

ಮುಟ್ಟಾದ ಹೆಂಗಸರೂ ಹೆರಿಗೆಗೆ ಬಂದವರೂ ಇರುವ ಮನೆ ಅದು. ಗಂಡಸು ಅದರ ಗೋಡೆಯನ್ನೂ ಮುಟ್ಟುವಂತಿಲ್ಲ. ಇಡೀ ಕಣಿವೆಯಲ್ಲಿ ಪಿಲಿನ್‌ನ ಮೂಗು ಹೋಗದ ಜಾಗ ಅದೊಂದೇ. ಈಗ ಅದರೊಳಗೆ ಅವನ ಹೆಂಡತಿ ಗುಲಿಸ್ತಾನ್ ಇದ್ದಳು. ಮದುವೆಯಾಗಿ ತಲೆಕೂದಲು ನರೆಯತೊಡಗಿದ ಮೇಲೆ, ಊರು ಆಸೆ ಬಿಟ್ಟ ಮೇಲೆ, ಮೊದಲ ಸಲ ಬಸುರಾದವಳು. ಒಳಗೆ ಅವಳು ಹೇಗಿದ್ದಾಳೋ ಎಂಬ ಭಯಕ್ಕೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

"ಒಳಗೆ ದ್ರಾಕ್ಷಿ ತಿಂತಿರೋರು ಯಾರು?" ಎಂದು ಕೂಗಿದ.

ಒಳಗೆ ಕಿಸಕ್ಕೆಂದ ಸದ್ದು. "ಬಂದು ನೋಡೋ ಕಾವಲುಗಾರ, ಬಾಗಿಲು ತೆಗೆದೇ ಇದೆ!" ಎಂದಿತೊಂದು ದನಿ.

"ಗುಲಿಸ್ತಾನ್ ಹೇಗಿದ್ದಾಳೆ?"

ನಗು ನಿಂತಿತು. "ನೋವು ಶುರುವಾಗಿದೆ. ನೀನು ನಡಿ ಅತ್ಲಾಗೆ."

ಮರುದಿನ ಬೆಳಗ್ಗೆ ಅವನ ಚಿಕ್ಕಮ್ಮ ವಾಶ್ಲಿಂ ಬುಟ್ಟಿ ಹೊತ್ತು ಬಶಾಲಿಯ ದಾರಿ ಹಿಡಿದಿದ್ದಳು. ಗಡಿಕಲ್ಲಿನ ಮೇಲೆ ರೊಟ್ಟಿ ಇಟ್ಟು ಬರುವುದು ಅವಳ ದಿನದ ಕೆಲಸ. ಪಿಲಿನ್ ಕೋಲು ಅಡ್ಡ ಹಿಡಿದ.

"ಬುಟ್ಟಿ ಇಳಿಸು ಚಿಕ್ಕಮ್ಮ."

"ನಾಚಿಕೆ ಆಗಲ್ವೇನೋ? ನಿನ್ನ ಮುಕುಳಿ ತೊಳೆದೋಳು ಕಣೋ ನಾನು!"

ಅವನು ರೊಟ್ಟಿ ಸರಿಸಿದ. ಅಡಿಯಲ್ಲಿ ಒಂದು ಗೊಂಚಲು. ಅರ್ಧ ಹಸಿರು, ಅರ್ಧ ಕಪ್ಪು. ಅದು ಯಾವ ಬಳ್ಳಿಯದೆಂದು ಕೇಳಬೇಕಾಗಿರಲಿಲ್ಲ. ಅವನ ಅಂಗಳದ ಹಿಪ್ಪುನೇರಳೆ ಮರಕ್ಕೆ ಹಬ್ಬಿದ್ದ ಅವನದೇ ಬಳ್ಳಿ. ಊರಿನ ಬಳ್ಳಿಗಳನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವನಿಗೆ ತನ್ನ ಅಂಗಳ ನೋಡಬೇಕೆಂದು ಹೊಳೆದಿರಲಿಲ್ಲ.

"ಅವಳೇ ಕೇಳಿದಳಾ?"

"ಮತ್ಯಾರು? ರೊಟ್ಟಿ ಗಂಟಲಲ್ಲಿ ಇಳೀತಿಲ್ಲ, ಹಾಲು ಕುಡಿದ್ರೆ ವಾಂತಿ. ನಿನ್ನೆಯಿಂದ ಒದ್ದಾಡ್ತಿದ್ದಾಳೆ, ತ್ರಾಣ ಇಲ್ಲ." ವಾಶ್ಲಿಂ ಗೊಂಚಲನ್ನು ಎತ್ತಿ ತೋರಿಸಿದಳು. "ಹಣ್ಣಾದ್ದು ತುದೀಲಿದೆ, ನನ್ನ ಕೈಗೆ ಎಟುಕಲ್ಲ. ಈ ಹುಳೀನೇ ಚೀಪ್ತಿದ್ದಾಳೆ ಪಾಪ."

ಪಿಲಿನ್ ಸುತ್ತ ನೋಡಿದ. ದಾರಿಯಲ್ಲಿ ಯಾರೂ ಇರಲಿಲ್ಲ. ರೊಟ್ಟಿ ಮುಚ್ಚಿ ಕಳಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಹುಳಿ ಎಂಬ ಆ ಮಾತು ಅವನ ಎದೆಗೆ ಚುಚ್ಚಿತು. ಕೋಲನ್ನು ಚಿಕ್ಕಮ್ಮನ ಕೈಗೆ ತುರುಕಿ, "ಇಲ್ಲೇ ಇರು, ಬಂದೆ" ಎಂದು ಮನೆಯತ್ತ ಓಡಿದ.

ಹಗಲು ಹೊತ್ತು, ಊರೆಲ್ಲ ಮಾಡಿನ ಮೇಲೆ ಹಣ್ಣು ಒಣಗಿಸುತ್ತ ಕೂತ ಹೊತ್ತು, ಕಾವಲುಗಾರ ಮರ ಹತ್ತಿದ. "ಅಯ್ಯೋ, ನೋಡ್ರೇ, ಕಾವಲುಗಾರನೇ ಕೀಳ್ತಿದ್ದಾನೆ!" ಎಂದು ಒಬ್ಬಳು ಕೂಗಿದಳು. ಅವನು ತಿರುಗಿ ನೋಡಲಿಲ್ಲ. ತುದಿಯ ಕೊಂಬೆಯಿಂದ ಕಡುಗಪ್ಪು ಗೊಂಚಲುಗಳನ್ನು ಕಿತ್ತು ಅಂಗಿಯೊಳಗೆ ತುಂಬಿಕೊಂಡ. ಅದನ್ನೆಲ್ಲ ವಾಶ್ಲಿಂಳ ಬುಟ್ಟಿಗೆ ಸುರಿದು, ಕೋಲು ತೆಗೆದುಕೊಂಡು, ನೇರವಾಗಿ ಹಿರಿಯರು ಕೂರುವ ಕಟ್ಟೆಗೆ ಹೋದ.

"ದ್ರಾಕ್ಷಿ ಕಿತ್ತೋನು ಸಿಕ್ಕಿದ," ಎಂದು ಕೋಲನ್ನು ಅವರ ಕಾಲ ಬಳಿ ಇಟ್ಟ. "ನಾನೇ. ಸಂಜೆ ಮೇಕೆ ಹೊಡ್ಕೊಂಡು ಬರ್ತೀನಿ. ಈ ಕೋಲು ಬೇರೆಯವರಿಗೆ ಕೊಡಿ."

ಹಿರಿಯರು ಮುಖ ಮುಖ ನೋಡಿಕೊಂಡರು. ಶೇರ್ಬೆಕ್ ಬೊಚ್ಚುಬಾಯಿ ಅಗಲಿಸಿದ. "ಬಶಾಲಿಗಾ?"

"ಹೂಂ."

"ಥೂ ಪೆದ್ದೇ! ಹೆರೋಳಿಗೆ ಹೋಗೋ ದ್ರಾಕ್ಷೀನ ಯಾವ ಕಾವಲುಗಾರ ನೋಡಿದಾನೋ? ಆ ಬುಟ್ಟಿ ಬಂದ್ರೆ ನಾನು ಆಕಾಶ ನೋಡ್ತಿದ್ದೆ. ನನ್ನ ಹಿಂದಿನೋನೂ ಆಕಾಶಾನೇ ನೋಡ್ತಿದ್ದ."

ಪಿಲಿನ್ ದಂಗಾದ. ಊರಿನ ಗುಟ್ಟೆಲ್ಲ ತನಗೆ ಗೊತ್ತೆಂದು ಎದೆಯುಬ್ಬಿಸಿ ತಿರುಗಿದವನು ಅವನು. "ಎಲ್ಲರಿಗೂ ಗೊತ್ತಾ? ನನಗ್ಯಾಕೆ ಯಾರೂ ಹೇಳ್ಲಿಲ್ಲ?"

ಮುದುಕನ ನಗು ಇಳಿಯಿತು. "ಇದನ್ನ ಯಾರೂ ಯಾರಿಗೂ ಹೇಳಲ್ಲ ಕಣೋ. ಹೆಂಡ್ತಿ ಒಳಗಿದ್ದಾಗ ತಾನಾಗೇ ಗೊತ್ತಾಗುತ್ತೆ. ಇಷ್ಟು ವರ್ಷ ನಿನ್ನ ಮುಂದೆ ಹೆರಿಗೆ ಮಾತು ಎತ್ತೋಕೆ ನಮಗೇ ಬಾಯಿ ಬರ್ತಿರ್ಲಿಲ್ಲ."

ಪಿಲಿನ್ ತಲೆ ತಗ್ಗಿಸಿದ. ತಾನು ಬಂದಾಗ ಮಾತು ನಿಲ್ಲಿಸಿದ ಅಂಗಳಗಳೆಲ್ಲ ನೆನಪಾದವು. ಅವರು ತನ್ನಿಂದ ಬಚ್ಚಿಟ್ಟದ್ದು ಗುಟ್ಟನ್ನಲ್ಲ, ತನ್ನ ಮೇಲಿನ ಕನಿಕರವನ್ನು ಎಂದು ಆಗ ತಿಳಿದು ಅವನ ಕಣ್ಣು ಮಂಜಾಯಿತು.

ಶೇರ್ಬೆಕ್ ಕೋಲನ್ನು ಮತ್ತೆ ಅವನ ಕೈಗಿಟ್ಟ. "ಆದ್ರೆ ಊರೆದುರಿಗೇ ಮರ ಹತ್ತಿದೀಯ, ಇನ್ನು ಆಕಾಶ ನೋಡೋಕಾಗಲ್ಲ. ಮೇಕೆ ತಾ. ದಪ್ಪಂದು."

ಅಷ್ಟರಲ್ಲಿ ಹೊಳೆಯ ಕಡೆಯಿಂದ ವಾಶ್ಲಿಂ ಏದುಸಿರು ಬಿಡುತ್ತ ಓಡಿ ಬಂದಳು. "ಆಯ್ತು ಕಣೋ! ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ!"

"ಗಂಡೋ ಹೆಣ್ಣೋ?" ಎಂದು ಕಟ್ಟೆಗೆ ಕಟ್ಟೆಯೇ ಕೂಗಿತು.

ಪಿಲಿನ್ ಮಾತ್ರ ಚಿಕ್ಕಮ್ಮನ ಕೈ ಹಿಡಿದುಕೊಂಡ. ಎಲ್ಲವನ್ನೂ ಕೇಳಿ ತಿಳಿಯದೆ ಬಿಡದವನು ಆವತ್ತು ಕೇಳಿದ್ದು ಒಂದೇ ಮಾತು.

"ಸಿಹಿ ಇತ್ತಂತಾ?"