ಗುಬ್ಬಿಯ ಕೈಗೆ ಮೈಕು

“ಏಯ್ ಮುಂಡೆ, ಬೆರಳಲ್ಲಿ ರಕ್ತ ಸುರೀತಿದೆ, ಕಣ್ಣು ಕಾಣಲ್ವಾ? ಬುಟ್ಟಿ ಪೂರ್ತಿ ಹಾಳು ಮಾಡಿದ್ಯಲ್ಲೇ!”

ಮೇಸ್ತ್ರಿ ಗುಬ್ಬಿಯ ಅತ್ತಿಗೆಯ ರಟ್ಟೆ ಹಿಡಿದೆತ್ತಿ ಇಡೀ ಶೆಡ್ಡಿಗೆ ತೋರಿಸಿದ. ಸಿಗಡಿ ಸುಲಿಯುವವರ ಬೆರಳಿಗೆ ಮುಳ್ಳು ಚುಚ್ಚದ ದಿನ ಯಾವುದು? ಐಸ್ ನೀರಿಗೆ ಕೈ ಮರಗಟ್ಟಿ, ಗಾಯವಾದದ್ದು ರಕ್ತ ಕಂಡ ಮೇಲೇ ತಿಳಿಯುವುದು. ಇಷ್ಟು ದಿನ “ಚೀಪ್ಕೊಂಡು ಕೆಲ್ಸ ನೋಡು” ಎನ್ನುತ್ತಿದ್ದವನಿಗೆ ಏಡ್ಸ್ ಸುದ್ದಿ ಹಬ್ಬಿದಾಗಿನಿಂದ ಹೆಂಗಸರ ರಕ್ತದ ಮೇಲೆ ಎಲ್ಲಿಲ್ಲದ ಕಾಳಜಿ.

ಪಕ್ಕದಲ್ಲೇ ಸುಲಿಯುತ್ತಿದ್ದ ನಾದಿನಿ ಗುಬ್ಬಿಯ ಟೋಪಿಗೆ ಕೆಂಪು ರಿಬ್ಬನ್ ಚುಚ್ಚಿದ್ದರು. ಏಡ್ಸ್ ಬಗ್ಗೆ ತಿಳಿಹೇಳಲು ಹರೆಯದವರು ಬೇಕೆಂದು ಮ್ಯಾನೇಜರು ಅವಳನ್ನು ಆಸ್ಪತ್ರೆಯ ನರ್ಸಮ್ಮನ ಹತ್ತಿರ ತರಬೇತಿಗೆ ಕಳಿಸಿದ್ದ. ಉಚ್ಚೆಗೂ ಬಿಡದ ಮಹಾಶಯ ಸಂಬಳ ಸಮೇತ ಕಳಿಸಿದಾಗಲೇ, ಇದರಲ್ಲೇನೋ ಮಸಲತ್ತಿದೆ ಎಂದು ಅವಳಿಗೆ ಅನ್ನಿಸಿತ್ತು.

ಹಿಂದಿನ ವಾರ ಅವಳ ಮಾತು ಕೇಳಿ ಇಬ್ಬರು ಹೆಂಗಸರು ಪರೀಕ್ಷೆಗೆ ಹೊರಟರು. ಅವರಿಗೆ ರಜೆ ಕೇಳಿದ್ದೂ ಗುಬ್ಬಿಯೇ. ರಜೆಯೇನೋ ಸಿಕ್ಕಿತು. ಮರುದಿನ ಅವರಿಗೆ ಗೇಟು ತೆರೆಯಲಿಲ್ಲ. ಪರೀಕ್ಷೆಯಲ್ಲಿ ಏನು ಬಂತೆಂದು ಯಾರೂ ಕೇಳಲೂ ಇಲ್ಲ.

ಬೆರಳಿನ ಗಲಾಟೆಯಾದ ದಿನವೇ ಮಧ್ಯಾಹ್ನ ಮ್ಯಾನೇಜರು ಗುಬ್ಬಿಯನ್ನು ಕರೆಸಿದ.

“ನಿಮ್ಮತ್ತಿಗೆ ಏನಾದ್ರೂ ವಿಚಾರಿಸಿದ್ಳಾ?”

“ಇಲ್ಲ ಸಾರ್.”

“ಲಾರಿ ಓಡಿಸ್ತಿದ್ದ ನಿಮ್ಮಣ್ಣ ಯಾವುದ್ರಿಂದ ಸತ್ತ?”

“ಜ್ವರ ಸಾರ್.”

“ಜ್ವರವಂತೆ! ಯಾರ್ಯಾರು ಬಂದು ಕೇಳ್ತಾರೋ ನನ್ನ ಕಿವಿಗೆ ಹಾಕು, ಸಾಕು. ಮಾಲು ತಗೊಳ್ಳೋರಿಗೆ ಗೊತ್ತಾದ್ರೆ ನಮ್ಮ ಕಥೆ ಮುಗೀತು.”

“ಸಿಗಡಿಯಿಂದೆಲ್ಲ ಬರಲ್ಲ ಸಾರ್, ನರ್ಸಮ್ಮ—”

“ನಂಗೇ ಪಾಠ ಹೇಳ್ತೀಯಾ? ನಡಿ.”

ಹೊರಗೆ ಅತ್ತಿಗೆ ಕಾದಿದ್ದಳು. “ಹೇಳ್ಬಿಟ್ಯಾ?”

“ನಿನ್ನಾಣೆ ಇಲ್ಲ ಅತ್ತಿಗೆ. ಬೆಳಿಗ್ಗೆ ನೀನೇ ಅಂದ್ಯಲ್ಲ, ಮಾತ್ರೆ ತಗೊಂಡ್ರೆ ಬದುಕಬಹುದಾ ಅಂತ. ಬಾ, ಹೋಗೋಣ.”

“ನಿನ್ನ ನಂಬಿ ಅವರಿಬ್ರು ಬೀದಿಗೆ ಬಿದ್ರು. ನಾ ಒಲ್ಲೆ ತಾಯಿ. ಸತ್ರೆ ಕೆಲ್ಸದಲ್ಲಿದ್ದೇ ಸಾಯ್ತೀನಿ.”

ಗುಬ್ಬಿಯ ಅಣ್ಣನೂ ಪರೀಕ್ಷೆ ಬೇಡವೆಂದೇ ಒಣಗಿ ಸತ್ತಿದ್ದ.

ಸಂಜೆ ಶೆಡ್ಡಿನಲ್ಲೇ ಏಡ್ಸ್ ಜಾಗೃತಿ ಸಭೆ. ಆರೋಗ್ಯ ಇಲಾಖೆಯ ಅಧಿಕಾರಿಗಳಿಗೆ ಕುರ್ಚಿ, ಹೆಂಗಸರಿಗೆ ಒದ್ದೆ ನೆಲ. “ನಮ್ಮ ಯುವಶಕ್ತಿ!” ಎಂದು ಮ್ಯಾನೇಜರು ಗುಬ್ಬಿಯ ಕೈಗೆ ಮೈಕು ಕೊಟ್ಟ. ‘ಹೆದರಬೇಡಿ, ಏನಿದ್ದರೂ ನನ್ನನ್ನು ಕೇಳಿ’ ಎಂದು ಅವಳು ಹೇಳಬೇಕಿತ್ತು.

“ನನ್ನ ಯಾರೂ ಏನೂ ಕೇಳ್ಬೇಡಿ,” ಎಂದಳು. “ಕೇಳಿದೋರು ಯಾರು ಅಂತ ಈ ಮ್ಯಾನೇಜರ್ ನನ್ನ ಬಾಯಿ ಬಿಡಿಸ್ತಾರೆ. ಇಬ್ರನ್ನ ಆಗ್ಲೇ ಓಡಿಸಿದ್ದಾರೆ. ಟೆಸ್ಟ್ ಮಾಡಿಸಿ, ಮಾತ್ರೆ ಇದೆ, ಬದುಕಬಹುದು. ಆದ್ರೆ ಇಲ್ಲಿ ಒಂದು ನಾಯಿಗೂ ಹೇಳ್ಬೇ—”

ಮೈಕು ಸತ್ತಿತು. ಮೇಸ್ತ್ರಿ ಬಂದು ರಟ್ಟೆ ಹಿಡಿದ. ಗುಬ್ಬಿ ಕೊಸರಿಕೊಂಡು ಗಂಟಲು ಹರಿಯುವಂತೆ ಕೂಗಿದಳು:

“ನಾನು ಈಗ್ಲೇ ಹೋಗ್ತಿದ್ದೀನಿ ಟೆಸ್ಟಿಗೆ! ತೆಗೀರಿ ನನ್ನ ಕೆಲ್ಸದಿಂದ, ನಿಮ್ಮಜ್ಜಿ ತಲೆ!”

ನೆಲದಿಂದ ಅತ್ತಿಗೆ ಎದ್ದಳು. ಮಗ್ಗುಲಲ್ಲಿದ್ದವಳು ಬೆಂಕಿ ತಾಗಿದವಳಂತೆ ಸರಿದು ಕೂತಳು.

“ತಡಿಯೇ, ನಾನೂ ಬಂದೆ.”

ಇಬ್ಬರೂ ಗೇಟಿನತ್ತ ನಡೆದರು. ಅಧಿಕಾರಿಗಳು ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಕೂತಿದ್ದರು. ಮ್ಯಾನೇಜರು ಮಾತ್ರ, ಎದ್ದೇಳಲು ಇನ್ನು ಯಾರ ಮಂಡಿ ಅಲುಗುತ್ತದೆ ಎಂದು ಸಾಲು ಸಾಲಿನ ಮೇಲೂ ಕಣ್ಣಾಡಿಸುತ್ತಿದ್ದ.